ಗಿರಿಜಕ್ಕನ ಮುನ್ನೂರು ಮರಗಳು

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಾನೂ ನನ್ನ ಹೆಂಡತಿ ಸರೋಜಳೂ ಕುಂಬಳೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ನನ್ನ ಹೆಗಲಲ್ಲಿ ಕ್ಯಾಮೆರಾದ ಚೀಲ, ಕಂಕುಳಲ್ಲಿ ಟ್ರೈಪಾಡ್. ಸರೋಜಳ ಕೈಯಲ್ಲಿ ನಮ್ಮ ಮನೆಯ ಅತಿ ದೊಡ್ಡ ಕಪ್ಪು ಕೊಡೆ. "ಜನವರಿಯಲ್ಲಿ ಯಾರಾದರೂ ಕೊಡೆ ಹಿಡಿದುಕೊಂಡು ಹೊರಡ್ತಾರಾ ಮಾರಾಯ್ತಿ?" ಎಂದು ನಾನು ಮನೆಯಲ್ಲೇ ಗೇಲಿ ಮಾಡಿದ್ದೆ. ಬಸ್ಸು ಬರುವ ಮೊದಲೇ ಆಕಾಶ ಕಪ್ಪಿಟ್ಟಿತು. ಅವಳು ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು, ಅಷ್ಟೇ.

ನಾವು ಹೊರಟದ್ದು ಕುಂಬ್ಡಾಜೆಯ ಗುಡ್ಡಕ್ಕೆ, ಕೆಂಪು ಎಲೆಗಳ ಫೋಟೋ ತೆಗೆಯಲು. ಎಲೆ ಕೆಂಪಾಗುವುದೆಲ್ಲ ಹಿಮ ಬೀಳುವ ದೇಶಗಳಲ್ಲಿ ಎಂದು ನಂಬಿದ್ದವರಲ್ಲಿ ನಾನೂ ಒಬ್ಬ. ಕುಂಬಳೆಯ ನನ್ನ ಸ್ಟುಡಿಯೋದಲ್ಲಿ ಮೂವತ್ತು ವರ್ಷಗಳಿಂದ ಒಂದು ಪರದೆ ತೂಗುತ್ತಿದೆ. ಅದರ ತುಂಬ ಕೆಂಪು, ಹಳದಿ ಮರಗಳ ಕಾಡು, ನಡುವೆ ಒಂದು ದಾರಿ. ದುಬೈಗೆ ಹೊರಟವರು, ಹೊಸದಾಗಿ ಮದುವೆಯಾದವರು, ಹಲ್ಲು ಬಂದ ಮಕ್ಕಳು ಎಲ್ಲರೂ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಾರೆ. ಯಾವ ಊರು ಎಂದು ಯಾರಾದರೂ ಕೇಳಿದರೆ "ಸ್ವಿಟ್ಜರ್ಲೆಂಡ್" ಎಂದು ಗಂಭೀರವಾಗಿ ಹೇಳುತ್ತಿದ್ದೆ. ನನಗೂ ಗೊತ್ತಿರಲಿಲ್ಲ.

ನನ್ನ ಈ ಸ್ವಿಟ್ಜರ್ಲೆಂಡಿಗೆ ಕೊಡಲಿ ಹಾಕಿದವರು ಗಿರಿಜಕ್ಕ. ಕುಂಬ್ಡಾಜೆಯ ರಬ್ಬರ್ ತೋಟವೊಂದರಲ್ಲಿ ಟ್ಯಾಪಿಂಗ್, ಅಂದರೆ ಮರ ಗೀರಿ ಹಾಲು ಇಳಿಸುವ ಕೆಲಸ, ಮಾಡುವವರು, ಐವತ್ತರ ಆಸುಪಾಸು. ಡಿಸೆಂಬರಿನಲ್ಲಿ ಯಾವುದೋ ಅರ್ಜಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಬಂದಿದ್ದರು. ಪರದೆ ನೋಡಿ ನಕ್ಕುಬಿಟ್ಟರು. "ಎಂತ ಸ್ವಿಟ್ಜರ್ಲೆಂಡ್ ಮಾರಾಯ್ರೆ! ಎಲೆ ಉದುರುವ ಮೊದಲು ನಮ್ಮ ತೋಟ ಹೀಗೆಯೇ ಇರ್ತದೆ. ನೀವು ನೋಡ್ಲೇ ಇಲ್ವಾ?"

ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿರಬೇಕು. ನೋಡಿರಲಿಲ್ಲ.

ಆಮೇಲೆ ಅವರು ನಗು ನಿಲ್ಲಿಸಿ ಹೇಳಿದರು. ತೋಟದಲ್ಲಿ ಅವರ ಪಾಲಿನವು ಮುನ್ನೂರು ಮರ. ಇಪ್ಪತ್ತೆರಡು ವರ್ಷ ಅವರೊಬ್ಬರೇ ಗೀರಿದ್ದು. ಮರಗಳಿಗೆ ವಯಸ್ಸಾಗಿ ಹಾಲು ಕಡಿಮೆಯಾಗಿದೆ, ಈ ಸಲ ಎಲೆ ಉದುರಿದ ಮೇಲೆ ಎಲ್ಲವನ್ನೂ ಕಡಿಯುತ್ತಾರೆ. "ಕೆಂಪಾದಾಗ ಫೋನ್ ಮಾಡ್ತೇನೆ. ಮರಗಳೊಟ್ಟಿಗೆ ನನ್ನದೊಂದು ಫೋಟೋ ತೆಗೆದುಕೊಡ್ಬೇಕು ಅಣ್ಣ. ನನ್ನ ಹತ್ರ ಒಂದೂ ಇಲ್ಲ."

ಫೋನ್ ಬಂದದ್ದು ಶುಕ್ರವಾರ. "ನಾಳೆಯೇ ಬನ್ನಿ, ಚಂದ ಆಗಿದೆ" ಎಂದರು. ನನಗೋ ಒಂದು ಮದುವೆಯ ಆಲ್ಬಮ್ ಮುಗಿಸುವ ಗಡಿಬಿಡಿ. ಮಂಗಳವಾರ ಬರುತ್ತೇನೆ ಎಂದೆ. ಸೋಮವಾರ ಸಂಜೆ ಅವರು ಪುನಃ ಫೋನ್ ಮಾಡಿ "ಮೋಡ ಉಂಟಣ್ಣ" ಎಂದಾಗಲೂ "ಈ ತಿಂಗಳಲ್ಲಿ ಎಂಥ ಮಳೆ?" ಎಂದು ದೊಡ್ಡ ಜ್ಞಾನಿಯ ಹಾಗೆ ಮಾತಾಡಿದ್ದೆ.

ಬದಿಯಡ್ಕದ ಬಸ್ಸಿನಲ್ಲಿ ಸೀಟು ಸಿಕ್ಕಿತು. ತಲೆಗೆ ಇಪ್ಪತ್ತಮೂರು ರೂಪಾಯಿ. ಸೀತಾಂಗೋಳಿ ದಾಟುವಾಗ ಗಾಜಿನ ಮೇಲೆ ಮೊದಲ ಹನಿ ಬಿತ್ತು, ನೀರ್ಚಾಲಿನಲ್ಲಿ ಕಂಡಕ್ಟರ್ ಬಂದು ಶಟರ್ ಎಳೆದರು. ಎಳೆಯುವ ಮೊದಲು ನಾನು ಕಂಡದ್ದು ಒಂದು ಅಂಗಳ. ಒಣಗಲು ಹಾಕಿದ ಅಡಿಕೆಯ ಮೇಲೆ ಮನೆಮಂದಿಯೆಲ್ಲ ಸೇರಿ ಟಾರ್ಪಾಲು ಎಳೆಯುತ್ತಿದ್ದರು. ಮಳೆಗೆ ಹೊತ್ತು ಗೊತ್ತು ಇಲ್ಲ ಎಂದು ಬಸ್ಸಿಡೀ ಬೈಯುತ್ತಿತ್ತು. ಬೈಯುವ ಹಕ್ಕು ನನಗಿರಲಿಲ್ಲ. ಶನಿವಾರ ಇಡೀ ದಿನ ಬಿಸಿಲಿತ್ತು.

ಬದಿಯಡ್ಕದಲ್ಲಿ ಇಳಿದು ಹೋಟೆಲಿಗೆ ನುಗ್ಗಿದೆವು. ಸಜ್ಜಿಗೆ, ಅವಲಕ್ಕಿ, ಚಾ. ಸರೋಜ ನಿಧಾನವಾಗಿ ತಿಂದಳು, ನಾನು ಬಾಗಿಲಾಚೆಯ ಮಳೆಯನ್ನೇ ನೋಡುತ್ತಿದ್ದೆ. "ತಿನ್ನಿ. ಹೊಟ್ಟೆ ಖಾಲಿ ಇಟ್ಟರೆ ಎಲೆ ನಿಲ್ತದಾ?" ಎಂದಳು. ಇನ್ನೊಂದು ಬಸ್ಸಿನಲ್ಲಿ ಮಾರ್ಪನಡ್ಕ, ಅಲ್ಲಿಂದ ಗುಡ್ಡದ ಮೇಲಕ್ಕೆ ರಿಕ್ಷಾ. ರಿಕ್ಷಾದವನು ಟ್ರೈಪಾಡ್ ನೋಡಿ "ಸರ್ವೆಗೆ ಬಂದದ್ದಾ?" ಎಂದು ಕೇಳಿದ. ಎಲೆಯ ಫೋಟೋ ತೆಗೆಯಲು ಎಂದಾಗ ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿದ.

ತೋಟದ ಗೇಟಿನಲ್ಲಿ ಗಿರಿಜಕ್ಕ ಕಾಯುತ್ತಿದ್ದರು. ಮದುವೆ ಮನೆಗೆ ಉಡುವಂಥ ಹಸಿರು ರೇಷ್ಮೆ ಸೀರೆ, ತಲೆಯಲ್ಲಿ ಮಲ್ಲಿಗೆ. ಸೀರೆಯ ಅಂಚು ಆಗಲೇ ಕೆಸರಾಗಿತ್ತು. ಅವರ ಹಿಂದೆ ಇಡೀ ಗುಡ್ಡ ಕೆಂಪಾಗಿತ್ತು.

ಹೇಗೆ ಹೇಳಲಿ? ಬರಿಯ ಕೆಂಪೂ ಅಲ್ಲ. ತಾಮ್ರದ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿದಾಗ ಬರುವ ಬಣ್ಣ ಕೆಲವು ಮರಗಳದ್ದು, ಅರಸಿನದ್ದು ಕೆಲವು. ಮಳೆಗೆ ತೊಯ್ದು ಬಣ್ಣ ಇನ್ನೂ ಗಾಢವಾಗಿತ್ತು, ಕಾಂಡಗಳೆಲ್ಲ ಕಪ್ಪಾಗಿದ್ದವು. ಐವತ್ತೆಂಟು ವರ್ಷ ಇದೇ ಜಿಲ್ಲೆಯಲ್ಲಿ ಬದುಕಿ ಇದನ್ನು ನೋಡದೆ ಉಳಿದದ್ದಕ್ಕೆ ನನಗೆ ನಾಚಿಕೆಯಾಯಿತು.

ಆದರೆ ಸ್ಟುಡಿಯೋ ಬುದ್ಧಿ ಎಲ್ಲಿ ಹೋಗುತ್ತದೆ? ಮಳೆ ಸ್ವಲ್ಪ ಬಿಟ್ಟಿತ್ತು. ನಾನು ನನ್ನ ಪರದೆಯ ಹಾಗೆಯೇ ಕಾಣುವ ಜಾಗ ಹುಡುಕಲು ಶುರುಮಾಡಿದೆ. ಕಾಂಡಗಳಿಗೆ ಸುತ್ತಿದ, ಹರಿದು ಜೋಲುವ ಮಳೆಗಾಲದ ಪ್ಲಾಸ್ಟಿಕ್ ಕಾಣಬಾರದು, ಹಾಲು ಹಿಡಿಯುವ ಗೆರಟೆಗಳು ಕಾಣಬಾರದು. ಗಿರಿಜಕ್ಕನಿಗೆ "ಇಲ್ಲಿ ನಿಲ್ಲಿ, ಅಲ್ಲಿ ನಿಲ್ಲಿ" ಎಂದೆ. ಅವರು ಮರಗಳಿಗೆ ಬೆನ್ನು ಕೊಟ್ಟು, ಎರಡೂ ಕೈ ಕೆಳಗೆ ಬಿಟ್ಟು, ಉಸಿರು ಬಿಗಿಹಿಡಿದು ನಿಂತರು. ಒಂದೊಂದು ಗೆರಟೆಯನ್ನೂ ತೆಗೆಯುತ್ತ, ಟ್ರೈಪಾಡಿನ ಕಾಲು ಹೊಂದಿಸುತ್ತ ಕಾಲು ಗಂಟೆ ಕಳೆದೆ. ಒಂದು ಫೋಟೋವೂ ತೆಗೆದಿರಲಿಲ್ಲ. ಆಗ ಗಾಳಿ ಎದ್ದಿತು, ಅದರ ಬೆನ್ನಿಗೇ ಮಳೆ ಸುರಿಯಿತು.

ರಬ್ಬರ್ ಶೀಟುಗಳಿಗೆ ಹೊಗೆ ಹಾಕುವ ಕೊಟ್ಟಿಗೆಯೊಳಗೆ ಓಡಿದೆವು. ಗಿರಿಜಕ್ಕ ಬೇಯಿಸಿದ ಮರಗೆಣಸು, ಕಾಯಿಮೆಣಸಿನ ಚಟ್ನಿ, ಫ್ಲಾಸ್ಕಿನಲ್ಲಿ ಹಾಲಿಲ್ಲದ ಚಾ ತಂದಿಟ್ಟಿದ್ದರು. ಬಾಗಿಲಲ್ಲಿ ನಿಂತು ನೋಡಿದರೆ ಒಂದೊಂದು ಗಾಳಿಗೂ ಒಂದೊಂದು ಸಾಲು ತೆಳ್ಳಗಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಶನಿವಾರವೇ ಬರಬೇಕಿತ್ತು ಗಿರಿಜಕ್ಕ. ತಪ್ಪು ನನ್ನದೇ" ಎಂದೆ.

"ಇರ್ಲಿ ಅಣ್ಣ, ನಿಮ್ಮದೂ ಕೆಲಸವೇ ಅಲ್ವಾ" ಎಂದು ಅವರು ನನ್ನ ತಟ್ಟೆಗೆ ಇನ್ನೆರಡು ತುಂಡು ಗೆಣಸು ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಸರೋಜ ಎದ್ದು ಕೊಡೆ ಬಿಡಿಸಿದಳು. "ಬನ್ನಿ ಹೊರಗೆ."

"ಕ್ಯಾಮೆರಾ ಒದ್ದೆಯಾಗ್ತದೆ!"

"ಕ್ಯಾಮೆರಾಕ್ಕೆ ರಿಪೇರಿ ಉಂಟು. ಎಲೆಗೆ ರಿಪೇರಿ ಉಂಟಾ? ನಾನು ಹಿಡಿತೇನೆ ಕೊಡೆ, ನೀವು ತೆಗೀರಿ."

ಹೊರಟೆವು. ಕೊಡೆ ಕ್ಯಾಮೆರಾದ ಮೇಲೆ, ನಾವಿಬ್ಬರೂ ಮಳೆಯಲ್ಲಿ. ಟ್ರೈಪಾಡ್ ಕೊಟ್ಟಿಗೆಯಲ್ಲೇ ಉಳಿಯಿತು. ಗಿರಿಜಕ್ಕ ಸೀರೆ ಎತ್ತಿ ಕಟ್ಟಿ, ತಲೆಗೆ ಕೆಲಸದ ಬಟ್ಟೆ ಸುತ್ತಿ, ಮೊದಲ ಸಾಲಿನ ಮೊದಲ ಮರದ ಹತ್ತಿರ ಹೋದರು. ದಿನಾ ಕೆಲಸ ಶುರುಮಾಡುತ್ತಿದ್ದದ್ದು ಅಲ್ಲಿಂದಲೇ ಅಂತೆ. ತೊಗಟೆಯ ಮೇಲೆ ಕೈಯಾಡಿಸಿ, ಅಡ್ಡಕ್ಕೆ ಉಬ್ಬಿದ ಒಂದು ಕಲೆ ತೋರಿಸಿದರು. "ಇದು ಕತ್ತಿ ಜಾರಿದ್ದು. ಅಮ್ಮ ತೀರಿಹೋಗಿ, ಬೊಜ್ಜ ಮುಗಿಸಿ ಮರುದಿನ ಕೆಲಸಕ್ಕೆ ಬಂದಿದ್ದೆ, ಕಣ್ಣು ಕಾಣ್ತಿರಲಿಲ್ಲ. ಮರಕ್ಕೆ ನೋವಾಯ್ತು." ಮುಂದಿನ ಮರ. "ಇದು ಪಿಟ್ಟಾಸಿ, ಗೆರಟೆ ತುಂಬಿಸಿದ್ದೇ ಇಲ್ಲ." ಅದರ ಮುಂದಿನದಕ್ಕೆ ಬರಿದೆ ಎರಡು ಸಲ ತಟ್ಟಿದರು. ಹೀಗೆ ಸಾಲಿನುದ್ದಕ್ಕೂ ಹೋದರು. ಕ್ಯಾಮೆರಾ ಇದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಎಲೆಗಳು ಅವರ ತಲೆಯ ಮೇಲೆ, ಹೆಗಲ ಮೇಲೆ, ನಮ್ಮ ಕೊಡೆಯ ಮೇಲೆ ಬೀಳುತ್ತಿದ್ದವು. ನಾನು ಪ್ಲಾಸ್ಟಿಕ್ ನೋಡಲಿಲ್ಲ, ಗೆರಟೆ ನೋಡಲಿಲ್ಲ, ತೆಗೆಯುತ್ತಲೇ ಹೋದೆ. ನನ್ನ ಪರದೆಯ ಕಾಡಿನಲ್ಲಿ ಮೂವತ್ತು ವರ್ಷಗಳಲ್ಲಿ ಒಂದು ಎಲೆಯೂ ಉದುರಿರಲಿಲ್ಲ.

ಮಧ್ಯಾಹ್ನ ಮಳೆ ಬಿಡುವಾಗ ಮರಗಳಲ್ಲಿ ಉಳಿದದ್ದು ಕಡ್ಡಿಗಳು ಮಾತ್ರ. ಕೆಂಪೆಲ್ಲ ನೆಲಕ್ಕೆ ಬಂದಿತ್ತು. ಗಿರಿಜಕ್ಕ ನಮ್ಮನ್ನು ಗೇಟಿನವರೆಗೆ ಬಿಟ್ಟು, ರಿಕ್ಷಾ ತಿರುಗುವವರೆಗೂ ನಿಂತಿದ್ದರು. ಬದಿಯಡ್ಕದಿಂದ ಕುಂಬಳೆಯವರೆಗೆ ನಾನು ಸೀನುತ್ತಲೇ ಇದ್ದೆ. ಸರೋಜ ತನ್ನ ಸೆರಗಿನಿಂದ ಮೊದಲು ಕ್ಯಾಮೆರಾ ಒರೆಸಿದಳು, ಆಮೇಲೆ ನನ್ನ ತಲೆ. ಇಷ್ಟು ವರ್ಷ ಇವಳನ್ನು ಬಿಟ್ಟು ಒಬ್ಬನೇ ಫೋಟೋ ತೆಗೆಯಲು ಹೋಗುತ್ತಿದ್ದೆನಲ್ಲ, ಪೆದ್ದ ನಾನು.

ಮೊದಲ ಮರದ ಮೇಲೆ ಕೈಯಿಟ್ಟ ಗಿರಿಜಕ್ಕನ ಚಿತ್ರಕ್ಕೆ ಕಟ್ಟು ಹಾಕಿಸಿದೆ. ಇನ್ನೊಂದು ಚಿತ್ರವನ್ನು, ಅವರು ಮುಂದೆ ಹೋದ ಮೇಲೆ ತೆಗೆದ ಖಾಲಿ ಸಾಲನ್ನು, ಮಂಗಳೂರಿನಲ್ಲಿ ಬಟ್ಟೆಯ ಮೇಲೆ ಗೋಡೆಯಗಲ ಪ್ರಿಂಟ್ ಮಾಡಿಸಿದೆ. ಪ್ರಿಂಟ್ ಮಾಡುವವನು ಪ್ಲಾಸ್ಟಿಕ್ ಅಳಿಸಿ ಕೊಡಲೇ ಎಂದು ಕೇಳಿದ. ಬೇಡವೆಂದೆ. ಅದು ಸ್ಟುಡಿಯೋದಲ್ಲಿ ಹಳೆಯ ಪರದೆಯ ಜಾಗಕ್ಕೆ ಬಂತು, ಸ್ವಿಟ್ಜರ್ಲೆಂಡ್ ಸುರುಳಿಯಾಗಿ ಅಟ್ಟ ಸೇರಿತು.

ಫೆಬ್ರವರಿ ಕೊನೆಗೆ ಗಿರಿಜಕ್ಕ ಬಂದರು. ಮರ ಕಡಿದು ವಾರವಾಗಿತ್ತು, ಲಾರಿಯೂ ಹೋಗಿಯಾಗಿತ್ತು. ಕಟ್ಟು ಹಾಕಿದ ಫೋಟೋವನ್ನು ಎರಡು ಸಲ ನೋಡಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಒಳಗೆ ಹೋದರು. ನಾನು ಅಭ್ಯಾಸಬಲದಿಂದ ಲೈಟು ಹಾಕಿ, ಸ್ಟೂಲು ಎಳೆದಿಟ್ಟೆ. ಅವರು ಸ್ಟೂಲನ್ನು ದಾಟಿ ನೇರ ಪರದೆಯ ಹತ್ತಿರ ಹೋಗಿ, ಎಡಬದಿಯ ಮೊದಲ ಮರದಲ್ಲಿ ಆ ಕಲೆಯನ್ನು ಹುಡುಕಿ, ಅದರ ಮೇಲೆ ಕೈಯಿಟ್ಟರು.

"ಮುಖ ಈಚೆ ಮಾಡಿ" ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಸರೋಜ ನನ್ನ ತೋಳು ಹಿಡಿದಳು. ಮೂವತ್ತು ವರ್ಷಗಳಲ್ಲಿ ಆ ಜಾಗದಲ್ಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತವರು ಅವರೊಬ್ಬರೇ.