ಉಪ್ಪು ಕಮ್ಮಿ ಅನ್ನಲು ಹೊರಟ ಸೌಟಕ್ಕ

ಬಲ್ಬ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಹೆಂಗಸನ್ನು ಎಲ್ಲರೂ ಸೌಟಕ್ಕ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸೌಟು ಇಲ್ಲದಾಗಲೂ ಇದೆಯೆಂಬಂತೆ ಗಾಳಿಯಲ್ಲಿ ತಿರುವುತ್ತ ಮಾತಾಡುವುದು ಅವಳ ಅಭ್ಯಾಸ. ಮದುವೆಯಾದ ವರ್ಷ ಸೇರಿದ ಕೆಲಸ. ಈಗ ಮಗಳ ಮದುವೆಯೂ ಆಗಿಹೋಗಿದೆ. ಇಷ್ಟು ಕಾಲವೂ ಗೋಡೆಯ ಕಿಂಡಿಯಿಂದ ತಟ್ಟೆ ದಾಟಿಸುತ್ತ, ಅದೇ ಕಿಂಡಿಯಿಂದ ಮಾತು ಕೇಳುತ್ತ ಬಂದಿದ್ದಳು.

“ಸೌಟಕ್ಕ, ಉಪ್ಪು ಕಮ್ಮಿ.”

“ಸೌಟಕ್ಕ, ಇದು ಸೂಪಾ, ಪಾತ್ರೆ ತೊಳೆದ ನೀರಾ?”

ಹಾಗೆ ಅಂದವರೇ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದರು ಅನ್ನುವುದು ಬೇರೆ ಮಾತು.

ಒಂದು ವಾರ ಕ್ಯಾಂಟೀನಿನ ಹೊಗೆಕೊಳವೆ ಕಟ್ಟಿಕೊಂಡಿತು. ರಿಪೇರಿಯವರು ಶನಿವಾರ, ಭಾನುವಾರ ಎರಡೂ ದಿನ ಒಲೆ ಹಚ್ಚಕೂಡದು ಅಂದರು. ಸೌಟಕ್ಕ ಮನೆಗೆ ಬಂದವಳೇ ಗಂಡನ ಎದುರು ಕುರ್ಚಿ ಎಳೆದು ಕೂತಳು.

“ರೀ, ಎರಡು ದಿನ ಈ ಮನೆ ಒಲೇನೂ ಹಚ್ಚಲ್ಲ. ಊರು ಸುತ್ತಬೇಕು. ಬೀದಿಗೊಂದು ತಿನ್ನಬೇಕು. ತಿಂದು, ಕಾಲ ಮೇಲೆ ಕಾಲು ಹಾಕಿ, ‘ಉಪ್ಪು ಕಮ್ಮಿ’ ಅಂತ ನಾನೂ ಒಂದ್ಸಲ ಅನ್ನಬೇಕು.”

ಗಂಡ ಬೀಗ ರಿಪೇರಿ ಮಾಡುವವನು. ಊರಿನ ಎಂಥ ಬೀಗವನ್ನಾದರೂ ತೆಗೆಯುತ್ತಿದ್ದ ಅವನಿಗೆ ಸ್ವಂತ ಪರ್ಸು ತೆಗೆಯುವುದು ಮಾತ್ರ ಬಹಳ ಕಷ್ಟ.

“ಸುತ್ತೋಣ. ಆದ್ರೆ ರಾತ್ರಿ ಮನೆಗೇ ಬಂದು ಮಲಗಿದ್ರೆ ಲಾಡ್ಜಿನ ಖರ್ಚು ಉಳಿಯುತ್ತಲ್ಲ?”

“ಇಲ್ಲಿ ಮಲಗಿದ್ರೆ ಬೆಳಗ್ಗೆ ನಿದ್ದೆಗಣ್ಣಲ್ಲೇ ಒಲೆ ಮುಂದೆ ನಿಂತಿರ್ತೀನಿ.”

ಅದು ನಿಜವೆಂದು ಅವನಿಗೂ ಗೊತ್ತಿತ್ತು. ಕೊನೆಗೆ ರಾಜಿಯಾಯಿತು: ದಿನವಿಡೀ ಓಡಾಡುವ ಬಸ್ ಪಾಸು, ಎಲ್ಲೇ ಕೂತರೂ ತಟ್ಟೆ ಒಂದು, ಚಮಚ ಎರಡು, ರಾತ್ರಿಗೆ ಗುಡ್ಡದ ಬಡಾವಣೆಯ ಅಗ್ಗದ ಲಾಡ್ಜು. ಆಮೇಲೆ ಅವನು ಬಸ್ಸಿನ ನಕ್ಷೆ ಹರಡಿದ.

“ಇದು ಛಾಪಖಾನೆ ಬೀದಿ. ಇಲ್ಲೊಂದು ಮನೇಲಿ ಹಿತ್ತಾಳೆ ಬೀಗ ಇತ್ತು ನೋಡು, ಏನು ಗಟ್ಟಿ ಅಂತೀಯ...”

“ಬೀಗ ತಿನ್ನೋಕಾಗುತ್ತೇನ್ರಿ?”

“ಕೇಳೇ ಇಲ್ಲಿ. ಕೈ ಬೀಗದಲ್ಲಿದ್ರೂ ಮೂಗು ಸುಮ್ನೆ ಇರಲ್ಲ. ಆ ಬೀದೀಲಿ ಬೆಳ್ಳುಳ್ಳಿ ಹುರಿಯೋ ಘಮ. ಹೊಳೆದಂಡೇಲಿ ಮೀನು. ಗುಡ್ಡದ ಮೆಟ್ಟಿಲ ಹತ್ರ ಅದೇನೋ ಏಲಕ್ಕಿ ಥರ, ಬೆಣ್ಣೆ ಥರ... ಇವತ್ತಿಗೂ ಮರೆತಿಲ್ಲ.”

ಹೀಗೆ ಅವನ ಮೂಗು ಹೇಳಿದ ಕಡೆಯೆಲ್ಲ ಸೌಟಕ್ಕ ಪೆನ್ಸಿಲಿನಿಂದ ಸುತ್ತು ಹಾಕಿದಳು.

ಶನಿವಾರ ಮೊದಲು ಛಾಪಖಾನೆ ಬೀದಿ. ಕಲ್ಲುಹಾಸಿನ ಮೇಲೆ ಕಾಗದದ ಚೂರುಗಳು ಹಾರಾಡುತ್ತಿದ್ದವು. ಇಕ್ಕಟ್ಟಾದ ಅಂಗಡಿಯಲ್ಲಿ ಬೆಳ್ಳುಳ್ಳಿ ಹಚ್ಚಿ ಹುರಿದ ಬ್ರೆಡ್ಡು. ಬ್ರೆಡ್ಡು ಸ್ವಲ್ಪ ಗಟ್ಟಿಯಾಗೇ ಇತ್ತು. ಸೌಟಕ್ಕ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಅಡುಗೆಯವನು ಒಲೆಯ ಝಳಕ್ಕೆ ಕತ್ತು ಒರೆಸಿಕೊಳ್ಳುವುದು ಕಣ್ಣಿಗೆ ಬಿತ್ತು.

“ಚೆನ್ನಾಗಿದೆ ಕಣಪ್ಪ” ಅಂದುಬಿಟ್ಟಳು.

ಹೊಳೆದಂಡೆಯಲ್ಲಿ ದೋಣಿ ಕಟ್ಟುವ ಕೊಟ್ಟಿಗೆಯ ಪಕ್ಕ ಒಬ್ಬ ಹೆಂಗಸು ಮೀನು ಕರಿಯುತ್ತಿದ್ದಳು. ಮೀನಿನ ಬಾಲ ಸೀದು ಕಪ್ಪಾಗಿತ್ತು. ಗಂಡ ಮೊಣಕೈಯಿಂದ ತಿವಿದ. “ಹೇಳು, ಹೇಳು. ಒಳ್ಳೆ ಅವಕಾಶ.”

“ಸುಮ್ನಿರಿ. ಒಬ್ಬಳೇ ಇದ್ದಾಳೆ. ಕರಿಯೋದೂ ಅವಳೇ, ಚಿಲ್ಲರೆ ಕೊಡೋದೂ ಅವಳೇ.”

“ಇವತ್ತು ನೀನು ಗಿರಾಕಿ ಕಣೆ, ಅಡುಗೆಯವಳಲ್ಲ!”

“ಅದೇ ಮರೆತು ಹೋಗ್ತಾ ಇದೆ.”

ಲಾಡ್ಜಿನ ಕೋಣೆಯಲ್ಲಿ ಅವನು ಮಲಗಿದರೆ ಪಾದ ಮಂಚದಿಂದಾಚೆ. “ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಈ ಲಾಡ್ಜಿನವರೇ ಕಟ್ಟಿರಬೇಕು” ಎಂದು ಸೌಟಕ್ಕ ಬಿದ್ದು ಬಿದ್ದು ನಕ್ಕಳು.

ಭಾನುವಾರ ಏಲಕ್ಕಿ ಘಮದ ಬೇಟೆ. ಗುಡ್ಡದ ಮೆಟ್ಟಿಲು ಹತ್ತಿ ಇಳಿದು, ಅಕ್ಕಪಕ್ಕದ ಮನೆಗಳಲ್ಲಿ ಒಣಹಾಕಿದ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿ ನುಸುಳಿ, ಮೂಗು ಎತ್ತಿಕೊಂಡು ಹೋದವರಿಗೆ ಸಿಕ್ಕಿದ್ದು ಒಂದು ಸಾಬೂನಿನ ಕಾರ್ಖಾನೆ.

“ಇಷ್ಟು ವರ್ಷ ನೆನೆಸಿಕೊಂಡು ಬಾಯಲ್ಲಿ ನೀರೂರಿಸಿಕೊಂಡಿದ್ದು ಸೋಪಿಗಾ?” ಸೌಟಕ್ಕ ಮೆಟ್ಟಿಲ ಮೇಲೇ ಕುಸಿದು ಕೂತಳು. ಹೊಟ್ಟೆ ಚುರುಗುಟ್ಟುತ್ತಿತ್ತು.

ಹತ್ತಿರದಲ್ಲಿ ತೆರೆದಿದ್ದುದು ಒಂದೇ ಊಟದಂಗಡಿ. ಬೆಂಚುಗಳೆಲ್ಲ ಖಾಲಿ. ಬಿಸಿ ಸೂಪು ಬಂತು. ಒಂದು ಚಮಚ ಬಾಯಿಗಿಟ್ಟವಳ ಮುಖ ಅರಳಿತು.

“ರೀ! ಇದರಲ್ಲಿ ಉಪ್ಪು ಕಮ್ಮಿಯಲ್ಲ, ಉಪ್ಪೇ ಇಲ್ಲ!”

ಸಂತೋಷಕ್ಕೆ ದನಿ ಜೋರಾಯಿತು. ಒಳಗಿನಿಂದ ದಪ್ಪ ತೋಳಿನ ಅಡುಗೆಯಮ್ಮ ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಯಾರದು ಹಾಗಂದಿದ್ದು?”

“ನಾನೇ.”

“ಮನೇಲಿ ನಾಲ್ಕು ಜನಕ್ಕೆ ಬೇಯಿಸಿ ಹಾಕೋರಿಗೆ ಅಂಗಡಿ ಅಡುಗೆ ಏನು ಗೊತ್ತು?”

“ಬಲ್ಬ್ ಕಾರ್ಖಾನೆಗೆಲ್ಲ ಬೇಯಿಸಿ ಹಾಕ್ತೀನಿ. ಹಂಡೆಗೆ ಎಷ್ಟು ಉಪ್ಪು ಅಂತ ಕೈಯೇ ಹೇಳುತ್ತೆ.”

ಜಗಳವಾಗುತ್ತದೆ ಎಂದು ಗಂಡ ನಕ್ಷೆ ಮಡಚಿ ಜೇಬಿಗಿಟ್ಟುಕೊಂಡ. ಆದರೆ ಅಡುಗೆಯಮ್ಮ ಎದುರಿನ ಬೆಂಚಿನ ಮೇಲೆ ಮೆಲ್ಲಗೆ ಕೂತಳು.

“ಜ್ವರ ಬಂದು ಹೋದಾಗಿಂದ ನನ್ನ ನಾಲಿಗೆಗೆ ರುಚೀನೇ ಹತ್ತುತ್ತಿಲ್ಲ ಅಕ್ಕಾ. ಅಂದಾಜಲ್ಲಿ ಹಾಕ್ತೀನಿ. ಜನ ಅರ್ಧ ತಿಂದು, ‘ಚೆನ್ನಾಗಿತ್ತು’ ಅಂದು ಹೋಗ್ತಾರೆ, ಮತ್ತೆ ಬರಲ್ಲ. ಏನು ತಪ್ಪಿದೆ ಅಂತ ಒಬ್ಬರಾದ್ರೂ ಬಾಯಿಬಿಡಬಾರದಾ?”

ಸೌಟಕ್ಕನಿಗೆ ನಿನ್ನೆಯ ಬ್ರೆಡ್ಡು, ಮೀನು ಎರಡೂ ಒಟ್ಟಿಗೆ ಗಂಟಲಿಗೆ ಬಂದ ಹಾಗಾಯಿತು. ಅವಳು ಎದ್ದು ಅಡುಗೆಮನೆಗೆ ನಡೆದು, ಒಂದು ಸ್ಟೂಲು ಎಳೆದುಕೊಂಡು ಕೂತಳು. “ಒಲೆ ನಾನು ಮುಟ್ಟಲ್ಲ, ಆಣೆ ಮಾಡಿದ್ದೀನಿ. ನೀವು ಮಾಡಿ. ನಾಲಿಗೆ ನಂದು.”

ಆ ಮಧ್ಯಾಹ್ನವೆಲ್ಲ ಅವಳು ಕಾಲ ಮೇಲೆ ಕಾಲು ಹಾಕಿಕೊಂಡು ಚಮಚ ನೆಕ್ಕಿದ್ದೇ ನೆಕ್ಕಿದ್ದು. “ಉಪ್ಪು ಕಮ್ಮಿ.” “ಇನ್ನೊಂದು ಚಿಟಿಕೆ.” “ಅಯ್ಯೋ, ಇದೇನು ಸಮುದ್ರಾನಾ?” ಅಡುಗೆಯಮ್ಮ ಒಮ್ಮೆ ರೇಗಿ, ಒಮ್ಮೆ ನಕ್ಕು, ಮೆಣಸು ಎಷ್ಟು, ಹುಳಿ ಎಷ್ಟು ಎಂದು ಕೈಯಳತೆ ಕಲಿತುಕೊಂಡಳು. ನೋಡಬೇಕೆಂದಿದ್ದ ಬಡಾವಣೆಗಳೆಲ್ಲ ಹಾಗೇ ಉಳಿದವು. ಗಂಡ ಬೆಂಚಿನ ಮೇಲೆ ಉದ್ದಕ್ಕೂ ಕಾಲು ಚಾಚಿ ಗೊರಕೆ ಹೊಡೆದ.

ಆಮೇಲೆ ರಜೆ ಸಿಕ್ಕಾಗಲೆಲ್ಲ ಸೌಟಕ್ಕ ಗುಡ್ಡದ ಬಸ್ಸು ಹತ್ತುತ್ತಿದ್ದಳು. ಬೆಂಚುಗಳು ಒಂದೊಂದಾಗಿ ತುಂಬಿದವು. ಚಳಿಗಾಲ ಕಳೆಯುವ ಹೊತ್ತಿಗೆ ಅಡುಗೆಯಮ್ಮ ಒಂದು ದಿನ ನಿಂಬೆಹೋಳು ಬಾಯಿಗಿಟ್ಟು ಮುಖ ಕಿವುಚಿದಳಂತೆ. ಹುಳಿ ನಾಲಿಗೆಗೆ ಹತ್ತಿದ ಖುಷಿಗೆ ಕೂಡಲೇ ಸೌಟಕ್ಕನಿಗೆ ಫೋನು ಮಾಡಿದಳು. ಇಬ್ಬರೂ ಫೋನಿನಲ್ಲೇ ಅತ್ತು ನಕ್ಕು ಮುಗಿಸಿ, ಉಳಿದ ಬಡಾವಣೆಗಳನ್ನು ಜೊತೆಯಾಗಿ ಸುತ್ತುವುದೆಂದು ಮಾತಾಡಿಕೊಂಡಿದ್ದಾರೆ. ಮೊದಲು ಬಂದರಿನ ಕಡೆ. ಗಂಡನನ್ನು ಯಾರೂ ಕೇಳಿಲ್ಲ. ಆದರೂ ಅವನು ಆ ಕಡೆ ಯಾವ ಬಸ್ಸು ಅಗ್ಗ ಎಂದು ವಿಚಾರಿಸಿಕೊಂಡು ಬಂದಿದ್ದಾನೆ.