ಝುಮಾಳ ಶಂಖ

ಉಸಿರಾಡುವುದನ್ನೂ ಮೊಬೈಲ್ ನೋಡಿ ಕಲಿಯುವ ಕಾಲ ಆಗಿನ್ನೂ ಬಂದಿರಲಿಲ್ಲ. ನನಗೆ ಹದಿಮೂರು. ಅಪ್ಪನಿಗೆ ಕೋಲ್ಕತ್ತದಲ್ಲಿ ರೈಲ್ವೆ ನೌಕರಿ. ಧಾರವಾಡದ ಅವ್ವ ಹಳ್ಳಿಗಳಿಗೆ ಹೋಗಿ ಹದಿಹರೆಯದ ಮಕ್ಕಳಿಗೂ ಮನೆಯವರಿಗೂ ಆರೋಗ್ಯದ ಪಾಠ ಹೇಳುತ್ತಿದ್ದಳು. ಆ ಚಳಿಗಾಲ ಶನಿವಾರ ಬಂತೆಂದರೆ ಸಿಯಾಲ್ದಾ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ, ಸಾಸಿವೆ ಎಣ್ಣೆ ಘಮ್ಮೆನ್ನುವ ಖಾರದ ಮಂಡಕ್ಕಿ ಝಾಲ್‌ಮುಡಿ ಮೆಲ್ಲುತ್ತ ನಾನೂ ಅವಳ ಬೆನ್ನು ಹತ್ತುತ್ತಿದ್ದೆ.

ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಆಟ ಎಂಬುದನ್ನೆಲ್ಲ ನಾವು ಹೋಗುತ್ತಿದ್ದ ಹಳ್ಳಿಯವರು ಒಪ್ಪಿದರು. ಎಡವಟ್ಟಾದದ್ದು ಮನೆಮಂದಿಯೆಲ್ಲ ಕಣ್ಣು ಮುಚ್ಚಿ ಉಸಿರನ್ನು ಗಮನಿಸುವ ಪಾಠದಲ್ಲಿ. ಅವ್ವನ ತವರಿನಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳು ಸದ್ದಿಲ್ಲದೆ ಕೂರುತ್ತಿದ್ದರಂತೆ. ಅದಕ್ಕೇ ಅವ್ವ ಮುಸ್ಸಂಜೆಯನ್ನು ಆರಿಸಿದ್ದಳು. ಬಂಗಾಳದ ಹಳ್ಳಿಯಲ್ಲಿ ಮುಸ್ಸಂಜೆಗೆ ಮನೆಮನೆಯಲ್ಲೂ ಶಂಖ ಊದುತ್ತಾರೆ. ಒಂದು ಅಂಗಳದ್ದು ಮುಗಿದರೆ ಪಕ್ಕದ್ದು ಶುರು. ಕಣ್ಣು ಮುಚ್ಚಿದವರೆಲ್ಲ ಕಿಸಕ್ಕೆಂದು ನಗುತ್ತಿದ್ದರು, ಎಲ್ಲರಿಗಿಂತ ಮೊದಲು ನಾನು.

ಸ್ವಲ್ಪ ಹೊತ್ತು ಶಂಖ ನಿಲ್ಲಿಸಿ ಎಂದು ಅವ್ವ ತನ್ನ ಹರಕುಮುರುಕು ಬಂಗಾಳಿಯಲ್ಲಿ ನನ್ನ ಗೆಳತಿ ಝುಮಾಳ ಅಜ್ಜಿಯನ್ನು ಕೇಳಿದಳು.

"ಶಂಖ ನಿಲ್ಲೋದಿಲ್ಲ ಮಾ. ಬೇಕಾದರೆ ನಿನ್ನ ಪಾಠ ನಿಲ್ಲಿಸು" ಎಂದಳು ಅಜ್ಜಿ.

ಪಾಠ ನಿಲ್ಲುವಂತಿರಲಿಲ್ಲ. ಪ್ರಶ್ನೆಪತ್ರಿಕೆ ಕಂಡರೆ ಸಾಕು, ಝುಮಾ ಕೈಕಾಲು ತಣ್ಣಗಾಗಿ, ಏದುಸಿರು ಬಿಡುತ್ತ ಎದ್ದು ಬಂದುಬಿಡುತ್ತಿದ್ದಳು. ಈ ಸಲವೂ ಹಾಗಾದರೆ ಶಾಲೆ ಬಿಡಿಸುತ್ತೇನೆಂದು ಅವಳಪ್ಪ ಹೇಳಿಯಾಗಿತ್ತು. ನನಗಂತೂ ಅವಳಿಗಿಂತ ಹೆಚ್ಚು ದಿಗಿಲು.

ಮುಂದಿನ ಶನಿವಾರ ಅಜ್ಜಿಗೆ ಕೆಮ್ಮು. ಶಂಖ ಝುಮಾಳ ಕೈಗೆ ಬಂತು. ಹೊಟ್ಟೆ ತುಂಬ ಉಸಿರೆಳೆದು, ಕಣ್ಣು ಮುಚ್ಚಿ, ಒಂದಿಷ್ಟೂ ನಡುಗದಂತೆ ನಾದವನ್ನು ಎಷ್ಟು ಹೊತ್ತು ಹಿಡಿದಳೆಂದರೆ ನಾನು ನಗುವುದನ್ನೇ ಮರೆತೆ.

"ಅವ್ವಾ, ನೀ ಹೇಳಿದ್ದನ್ನ ಆಕಿ ಆಲ್ರೆಡಿ ಮಾಡಾಕತ್ತಾಳ ನೋಡು."

ಅವ್ವ ಗಲ್ಲಕ್ಕೆ ಕೈಯಿಟ್ಟಳು. "ಹೌದಲ್ಲ. ಇದನ್ನ ನಿಲ್ಲಸ್ರಿ ಅಂದ್ನಲ್ಲ, ನಾ ಎಂಥಾ ಹುಚ್ಚಿ."

ಅಂದಿನಿಂದ ಶಂಖ ಊದಿಯೇ ಪಾಠ ಶುರು, ಅಜ್ಜಿಯೇ ಗುರು. ಅಪ್ಪಂದಿರೂ ಸಾಲಿನಲ್ಲಿ ನಿಂತು ಊದಿದರು. ನಾದ ಅಡಗಿದ ಮೇಲೆ ಎಲ್ಲರೂ ತಾವಾಗಿಯೇ ಸುಮ್ಮನೆ ಕೂರುತ್ತಿದ್ದರು. ಪರೀಕ್ಷೆಯಲ್ಲಿ ದಿಗಿಲಾದರೆ ಶಂಖ ಕೈಯಲ್ಲಿದೆ ಎಂದುಕೊಂಡು ಉಸಿರೆಳೆದುಕೋ ಎಂದು ಅವ್ವ ಝುಮಾಳಿಗೆ ಹೇಳಿಕೊಟ್ಟಳು. ನಾನು ಊದಿದರೆ ಬರೀ ಪುಸ್ ಪುಸ್. "ಪೇಟೆ ಹುಡುಗಿಗೆ ಝಾಲ್‌ಮುಡಿ ತಿನ್ನೋದಕ್ಕಷ್ಟೇ ಬಾಯಿ" ಎಂದು ಅಜ್ಜಿ ಛೇಡಿಸುತ್ತಿದ್ದಳು.

ಪರೀಕ್ಷೆ ಮುಗಿದ ಶನಿವಾರ ನಾವಿನ್ನೂ ಕೆರೆ ದಾಟಿರಲಿಲ್ಲ, ಇಳಿಬಿಸಿಲಲ್ಲೇ ಶಂಖ ಮೊಳಗಿತು. ಒಂದರ ಹಿಂದೊಂದು, ಊರಿಡೀ. ಝುಮಾ ಓಡಿ ಬಂದಳು.

"ಪೂರ್ತಿ ಬರೆದೆ. ಗಂಟೆ ಹೊಡೆಯೋತನಕ ಎದ್ದೇ ಇಲ್ಲ."

ಅವಳಪ್ಪ ಹೊಸ ಖರ್ಜೂರದ ಬೆಲ್ಲದ ಸಂದೇಶ್ ಸಿಹಿ ಹಂಚಿದ. ನಾನು ಕುಣಿದಾಡಿ ಅಜ್ಜಿಯ ಕೈಯಿಂದ ಶಂಖ ಕಸಿದು ಊದಿದೆ. ಅವತ್ತು ನನ್ನದೂ ಮೊಳಗಿತು.

ಈಗ ನಮ್ಮ ಮನೆ ಕೋಲ್ಕತ್ತದ ನ್ಯೂ ಟೌನಿನ ಹನ್ನೊಂದನೇ ಮಹಡಿಯಲ್ಲಿ. ಉಸಿರೆಳೆದುಕೋ ಎಂದು ನನ್ನ ಮಗಳಿಗೆ ಅವಳ ಕೈಗಡಿಯಾರ ಹೇಳುತ್ತದೆ. ಅವಳು ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುತ್ತಾಳೆ. ಮೊನ್ನೆ ಸಂಜೆ ಬಾಲ್ಕನಿಯಲ್ಲಿ ನಿಂತು, ಝುಮಾಳ ಅಜ್ಜಿ ಕೊಟ್ಟಿದ್ದ ಶಂಖ ಊದಿದೆ. ಸುತ್ತಲಿನ ಗಾಜಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಪಕ್ಕದ ಮನೆಯಿಂದ ಉತ್ತರ ಬರಲಿಲ್ಲ.

ಝುಮಾಳಿಗೆ ಫೋನ್ ಮಾಡಿದೆ. ಈಗ ಅವಳು ಅದೇ ಹಳ್ಳಿಯ ಶಾಲೆಯಲ್ಲಿ ಟೀಚರ್. ನನ್ನ ಶಂಖಕ್ಕೆ ಇಲ್ಲಿ ಯಾರೂ ಓಗೊಡಲಿಲ್ಲ ಎಂದೆ. ಅವಳು ಫೋನನ್ನು ಅಂಗಳದತ್ತ ಹಿಡಿದಳು. ಸ್ಪೀಕರಿನಲ್ಲಿ ಒಂದರ ಹಿಂದೊಂದು ಶಂಖ. ಮಗಳು ಕೋಣೆಯ ಬಾಗಿಲು ತೆಗೆದು ಬಂದು ನನ್ನ ಪಕ್ಕ ಕೂತಳು.