ಚಾಳಿನ ಮೀಟಿಂಗಿಗೆ ಯಾರೂ ಇಳಿದು ಬರಲಿಲ್ಲ

ಎಂಬತ್ತರ ದಶಕದ ಕೊನೆಯ ವರ್ಷಗಳು. ಮುಂಬಯಿಯ ಪರೇಲಿನಲ್ಲಿ ಒಂದೊಂದೇ ಖೋಲಿಯ ಮನೆಗಳಿದ್ದ ನಮ್ಮ ಚಾಳನ್ನು ಕೆಡವಿ ಹೊಸ ಬಿಲ್ಡಿಂಗ್ ಕಟ್ಟುವ ಮಾತು ಎದ್ದಿತ್ತು. ಪಕ್ಕದ ಗಲ್ಲಿಯ ಚಾಳನ್ನು ಖಾಲಿ ಮಾಡಿಸಲು ಪೊಲೀಸರನ್ನು ಕರೆತಂದು ದೊಡ್ಡ ಗಲಾಟೆ ಮಾಡಿಕೊಂಡಿದ್ದ ಮುನಿಸಿಪಾಲ್ಟಿಯವರು, ಈ ಸಲ ಮೊದಲು ಜನರ ಜೊತೆ ಮಾತಾಡಬೇಕೆಂದು ಅದಕ್ಕಾಗಿಯೇ ಒಂದಿಷ್ಟು ಹಣ ತೆಗೆದಿಟ್ಟರು. ಆ ಹಣದಲ್ಲಿ ಸಭೆಗೆ ಕುರ್ಚಿ, ಮೈಕು, ಚಹಾ ಬಂದವು. ಮನೆಮನೆಗೆ ಹೋಗಿ ವಿವರಿಸಲು ಒಬ್ಬ ಮರಾಠಿ ಹೆಂಗಸನ್ನು ನೇಮಿಸಿದರು, ಮರಾಠಿ ರೂಢಿಯಂತೆ ಎಲ್ಲರೂ ಆಕೆಯನ್ನು 'ಬಾಯಿ' ಎನ್ನುತ್ತಿದ್ದರು. ಎರಡನೆಯ ಮಾಳಿಗೆಯ ಕನ್ನಡದ ಮನೆಗಳಿಗೆ ಆಕೆಯ ಜೊತೆ ಹೋಗುವ ಕೆಲಸ ನನಗೆ ಸಿಕ್ಕಿತು. ಅಪ್ಪ ದುಡಿಯುತ್ತಿದ್ದ ಮಿಲ್ಲು ಮುಷ್ಕರದ ನಂತರ ಮತ್ತೆ ಬಾಗಿಲು ತೆರೆದಿರಲಿಲ್ಲ. ನಾನು ಬಿ.ಎ. ಮುಗಿಸಿ ಸುಮ್ಮನೆ ಕೂತಿದ್ದೆ. ಒಪ್ಪಿಕೊಂಡೆ.

ಹೆದರಿಕೆ ಶುರುವಾದದ್ದೂ ಆವತ್ತೇ. ಸರಕಾರ ಚಾಳನ್ನು ವಶಕ್ಕೆ ತೆಗೆದುಕೊಳ್ಳುವುದು ಮಾಲೀಕನಿಗೆ ಬೇಕಿರಲಿಲ್ಲ. ಅವನ ಕಡೆಯ ಮನುಷ್ಯನೊಬ್ಬ ಮೆಟ್ಟಿಲ ಬುಡದಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದ. ನಾನು ಹತ್ತಿ ಇಳಿಯುವಾಗಲೆಲ್ಲ, "ಸೀಢಿ ಪುರಾನೀ ಹೈ ಬೇಟಿ, ಸಂಭಲ್ ಕೇ" ಎನ್ನುತ್ತಿದ್ದ. ಮೆಟ್ಟಿಲು ಹಳೆಯದು, ಹುಷಾರು ಅನ್ನುವುದರಲ್ಲಿ ತಪ್ಪೇನಿದೆ? ಆದರೆ ಹಾಗನ್ನುವಾಗ ಅವನು ಮೆಟ್ಟಿಲು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ.

ಚಾಳಿನವರಿಗೂ ನನ್ನನ್ನು ಕಂಡರೆ ಭಯ. ಹುಟ್ಟಿದಾಗಿನಿಂದ ಒಳಗೆ ಹೊರಗೆ ಓಡಾಡಿದ್ದ ಮನೆಗಳ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಕೊನೆಯ ಖೋಲಿಯಲ್ಲಿ ಧಾರವಾಡದ ಕಡೆಯ ವಿಧವೆಯೊಬ್ಬರಿದ್ದರು. ಎಲ್ಲರೂ ಅವರನ್ನು ಕಾಕು ಅನ್ನುತ್ತಿದ್ದೆವು. ಅವರು ಮಾತ್ರ ಒಳಗೆ ಕರೆದು ಕೂರಿಸಿದರು.

"ನಮ್ಮಕ್ಕನ ಚಾಳ ಕೆಡವಿ ಆಕೀನ ಗೋರೆಗಾಂವ್ ಟ್ರಾನ್ಸಿಟ್ ಕ್ಯಾಂಪಿಗೆ ಒಯ್ದಾಗ ಎರಡು ವರ್ಷದ ಮಾತು, ಆಮ್ಯಾಲ ಹೊಸಾ ಖೋಲಿ ಅಂದಿದ್ರು. ಆಕಿ ಅಲ್ಲೇ ಸತ್ತಳು. ಆಕಿ ಖೋಲಿ ಇದ್ದ ಜಾಗಾದಾಗ ಈಗ ಯಾರದೋ ಗೋದಾಮ ಐತಿ. ನೀ ನಮ್ಮ ಮನಿ ಹುಡುಗಿ ಅಂತ ಕುಂದರಸೇನಿ. ಇನ್ನೊಮ್ಮಿ ಈ ಮಾತು ತಗೊಂಡು ಬರಬ್ಯಾಡ."

ಮನೆಗೆ ಬಂದರೆ ಅವ್ವ ಮುಖ ಕೊಡಲಿಲ್ಲ. "ನೀ ಅವರ ಕಡಿ ಆಗೀ ಅಂತ ಮಂದಿ ಅಂತಾರ" ಎಂದಳು.

"ನೀ ಏನಂತೀ ಅವ್ವಾ?"

ಅವಳು ಸ್ಟೋವಿಗೆ ಪಂಪು ಹೊಡೆಯತೊಡಗಿದಳು.

ಸಭೆ ಒಂದು ರವಿವಾರ ಮಧ್ಯಾಹ್ನ, ಚಾಳಿನ ಅಂಗಳದಲ್ಲಿ. ಹಣ ಕೊಟ್ಟ ಆಫೀಸಿಗೆ ಸಭೆ ನಡೆದ ಪುರಾವೆ ಬೇಕಲ್ಲ, ಹಾಗಾಗಿ ಬಾಯಿ ಒಬ್ಬ ಫೋಟೋದವನನ್ನು ಕರೆತಂದಿದ್ದರು. ಅದೇ ಕೆಡುಕಾಯಿತು. ಫೋಟೋದಲ್ಲಿ ಕಂಡವರೆಲ್ಲ ಖೋಲಿ ಬಿಡಲು ಒಪ್ಪಿದಂತೆ, ನಾಳೆ ಅದನ್ನೇ ಕೋರ್ಟಿನಲ್ಲಿ ತೋರಿಸುತ್ತಾರೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ಒಬ್ಬರೂ ಕೆಳಗಿಳಿಯಲಿಲ್ಲ. ಮೊದಲ ಮಾಳಿಗೆಯಲ್ಲಿ ನಿಂತರೂ ಕ್ಯಾಮೆರಾಕ್ಕೆ ಸಿಕ್ಕಿಬಿಡುತ್ತೇವೆಂದು ಅಲ್ಲಿಯವರೂ ನಮ್ಮ ಮಾಳಿಗೆಗೆ ಹತ್ತಿದರು. ಎಲ್ಲ ಬಾಗಿಲುಗಳ ಮುಂದೆ ಉದ್ದಕ್ಕೂ ಹಾಯ್ದಿದ್ದ ಮರದ ಗ್ಯಾಲರಿ ಜನರಿಂದ ತುಂಬಿಹೋಯಿತು. ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡು ಬಗ್ಗಿ ನೋಡುತ್ತಿದ್ದರು. ಕೆಳಗೆ ಬಾಯಿ ಖಾಲಿ ಕುರ್ಚಿಗಳಿಗೆ ಭಾಷಣ ಮಾಡುತ್ತಿದ್ದರು.

ಅಂಗಳದಲ್ಲಿ ಗ್ಯಾಲರಿಯಂಚಿನ ನೇರ ಕೆಳಗೆ ನಿಂತಿದ್ದ ನನ್ನ ಭುಜದ ಮೇಲೆ ಮರದ ಪುಡಿ ಉದುರಿತು. ಕೊಡವಿಕೊಂಡೆ. ಮತ್ತೆ ಉದುರಿತು. ತಲೆಯೆತ್ತಿ ನೋಡಿದೆ. ಗ್ಯಾಲರಿಯನ್ನು ಹೊತ್ತಿದ್ದ ತೊಲೆಯೊಂದು ಗೋಡೆಯಿಂದ ಕಿತ್ತುಕೊಂಡು, ನಡುವೆ ಕೈ ತೂರಿಸುವಷ್ಟು ಸಂದು ಬಿಟ್ಟಿತ್ತು. ಅದರ ಮೇಲೆಯೇ ಅವ್ವ, ಕಾಕು, ಸುತ್ತ ಮಕ್ಕಳು.

ಬಾಯಿಯ ಕೈಯಿಂದ ಮೈಕು ಕಸಿದುಕೊಂಡೆ. "ಹಿಂದ ಸರೀರಿ! ಖೋಲಿ ಒಳಗ ಹೋಗ್ರಿ! ಗ್ಯಾಲರಿ ಬೀಳತೈತಿ!" ಮರಾಠಿಯಲ್ಲೂ ಕೂಗಿದೆ.

ಮೇಲಿನಿಂದ ನಗು ಕೇಳಿಸಿತು. "ಹೆದರಸಿ ಖೋಲಿ ಬಿಡಸೂ ನಾಟಕ ಇದು" ಎಂದು ಒಬ್ಬ ಗಂಡಸು ಕೂಗಿದ. ಅವ್ವನ ಕಣ್ಣು ನನ್ನ ಮೇಲೇ ಇತ್ತು. ಗ್ಯಾಲರಿಯಂಚಿನ ಕಟಾಂಜನದ ಮೇಲಿಟ್ಟ ಕೈ ಅವಳು ತೆಗೆಯಲಿಲ್ಲ.

ಮೈಕು ಎಸೆದು ಓಡಿದೆ. ಮೆಟ್ಟಿಲ ಬುಡದ ಮನುಷ್ಯ ಏನೋ ಅಂದ, ಕೇಳಿಸಲಿಲ್ಲ. ಮೇಲೆ ಹತ್ತಿದವಳು ಗ್ಯಾಲರಿಗೆ ಕಾಲಿಡಲಾರದೆ ನಿಂತುಬಿಟ್ಟೆ. ನನ್ನ ಭಾರವೂ ಸೇರಿದರೆ? ಅವ್ವನ ಕಡೆ ಕೈ ಚಾಚಿ ಗಳಗಳನೆ ಅತ್ತೆ.

ಕಾಕು ತಿರುಗಿ ನನ್ನ ಮುಖ ನೋಡಿದರು. "ಹುಡುಗಿ ಖರೇನ ಅಂಜ್ಯಾಳ" ಎಂದವರೇ ಪಕ್ಕದ ಕೂಸನ್ನು ಎತ್ತಿ ಹತ್ತಿರದ ಖೋಲಿಯೊಳಗೆ ದಾಟಿಸಿದರು. "ಓಡಬ್ಯಾಡ್ರಿ! ಸಾವಕಾಶ ಒಳಗ ಹೋಗ್ರಿ!" ಅವರ ಮಾತು ಎಲ್ಲರೂ ಕೇಳಿದರು. ಗುಂಪು ಕರಗತೊಡಗಿತು. ಅವ್ವ ಹೊಸ್ತಿಲು ದಾಟುವಷ್ಟರಲ್ಲಿ ಅವಳ ಹಿಂದಿನ ಹಲಗೆಗಳು ಕಟಾಂಜನ ಸಮೇತ ಕುಸಿದು ಕುರ್ಚಿಗಳ ಮೇಲೆ ಬಿದ್ದವು. ಧೂಳು ಇಳಿಯುವವರೆಗೂ ಕೆಳಗೆ ಯಾರು ಉಳಿದರು, ಯಾರು ಹೋದರು ತಿಳಿಯಲಿಲ್ಲ. ಮೈಕು ಹಾಕಲು ಬಂದಿದ್ದವನ ಕಾಲು ಮುರಿದಿತ್ತು. ಪುಣ್ಯಕ್ಕೆ ಜೀವ ಯಾರದೂ ಹೋಗಲಿಲ್ಲ.

ಅದೇ ವಾರ ಚಾಳು ಅಪಾಯಕಾರಿ ಎಂದು ನೋಟಿಸು ಅಂಟಿಸಿದರು. ನಮ್ಮನ್ನೆಲ್ಲ ಲಾರಿಗಳಲ್ಲಿ ದಹಿಸರ್ ಆಚೆಯ ಟ್ರಾನ್ಸಿಟ್ ಕ್ಯಾಂಪಿಗೆ ಸಾಗಿಸಿದರು. ಆಗ ಸಭೆಯೂ ಇಲ್ಲ, ಚಹಾವೂ ಇಲ್ಲ. ಬಾಯಿ ಒಮ್ಮೆ ಬಂದು, "ಇನ್ನು ಮಾತಾಡುವ ಅಗತ್ಯ ಇಲ್ಲವಂತೆ, ನನ್ನ ಕೆಲಸ ನಿಲ್ಲಿಸಿದರು" ಎಂದು ಮರಾಠಿಯಲ್ಲಿ ಹೇಳಿ, ಕಣ್ಣು ತಪ್ಪಿಸಿಕೊಂಡು ಹೋದರು. ಪರೇಲಿನಲ್ಲಿ ಹೊಸ ಖೋಲಿ ಸಿಕ್ಕದ್ದು ತೊಂಬತ್ತರ ದಶಕ ಶುರುವಾದ ಮೇಲೆ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ಕಾಕು ಹಿಂತಿರುಗಿದರು. ಬೀಗದ ಕೈ ಸಿಕ್ಕ ದಿನವೂ ಅವರಿಗೆ ನಂಬಿಕೆಯಿರಲಿಲ್ಲ, ಮೂಟೆ ಬಿಚ್ಚದೆ ನೆಲದ ಮೇಲೆ ಮಲಗಿದರು.

ಅದಕ್ಕೂ ಮುಂಚೆ, ಕ್ಯಾಂಪಿನ ತಗಡಿನ ಮನೆಯಲ್ಲಿ ಒಂದು ಸಂಜೆ ಅಕ್ಕಿ ಆರಿಸುತ್ತ ಅವ್ವ ತಾನಾಗಿ ಹೇಳಿದಳು:

"ಆವತ್ತು ನೀ ಒದರಿದ್ದು ಕೇಳಿತ್ತು. ಖರೇನ ಇರಬಹುದು ಅಂತನೂ ಅನಿಸಿತ್ತು. ಆದ್ರ ಅವರೇ ನಿನ್ನ ಕಡಿಂದ ಹೇಳಸಾಕತ್ತಾರ ಅಂತ ಅಂಜಿದೆ."

"ಈಗ?"

"ಈಗೂ ಅಂಜಿಕಿ ಬರತೈತಿ. ಮಗಳ ಮಾತು ನಂಬದಂಗ ಮಾಡ್ತಲ್ಲ ಒಂದು ಖೋಲಿ, ಅದಕ್ಕ."

ನಾನು ಅವಳ ಪಕ್ಕದಲ್ಲಿ ಕೂತು ಮೊರದಲ್ಲಿದ್ದ ಕಲ್ಲು ಹೆಕ್ಕತೊಡಗಿದೆ.